ತಿಥಿ ಹೇಳುವ ಪುಟಗಳು

ಎಪ್ಪತ್ತು ದಾಟಿದ ಮೇಲೆ ನಾನು ಗುರುಮುಖೇನ ಕಲಿತ ವಿದ್ಯೆ ಒಂದೇ, ವೆಬ್ ಅಪ್ಲಿಕೇಶನ್ ಕಟ್ಟುವುದು. ಗುರು ನನ್ನ ಸೊಸೆ. ಅವಳು ಟಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ; ನಂಜನಗೂಡಿನ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನಾನು ಸಂಸ್ಕೃತ ಪಾಠಶಾಲೆಯಿಂದ ನಿವೃತ್ತನಾದವನು. ಆದರೆ ಸುತ್ತಲಿನವರು ನನ್ನನ್ನು ಬಲ್ಲದ್ದು ಪಾಠದಿಂದಲ್ಲ, ತಿಥಿ ಹೇಳುವವನೆಂದು. ತಾಂಡವಪುರದಿಂದ, ಹೆಮ್ಮಿಗೆಯಿಂದ, ಕೆಲವೊಮ್ಮೆ ಬನ್ನೂರಿನಿಂದಲೂ ಜನ ಬಂದು, ತಮ್ಮ ತಂದೆತಾಯಿಯರ ವರ್ಷದ ತಿಥಿ ಈ ಸಲ ಯಾವ ದಿನ ಬೀಳುತ್ತದೆಂದು ಕೇಳುತ್ತಾರೆ. ಗತಿಸಿದವರ ತಿಥಿಗಳನ್ನು ಬರೆದಿಟ್ಟ ದಪ್ಪ ಪುಸ್ತಕವೊಂದು ನನ್ನ ಬಳಿಯಿದೆ. ಅದರ ಅಂಚುಗಳು ಪುಡಿಯಾಗತೊಡಗಿದಾಗ ಸೊಸೆಯನ್ನು ಕರೆದು, ಇದನ್ನು ಕಂಪ್ಯೂಟರಿಗೆ ಹಾಕಿಕೊಡು ಎಂದೆ.

"ಹಾಕಿಕೊಡಲ್ಲ ಮಾವ, ಕಲಿಸಿಕೊಡ್ತೀನಿ" ಎಂದಳು.

ಬೆಳಗಿನ ಸಂಧ್ಯಾವಂದನೆ, ಪೂಜೆಗಳು ಮುಗಿದು ಅವಳ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರುವ ಹೊತ್ತು ನನ್ನ ಪಾಠದ ಹೊತ್ತಾಯಿತು. ಫ್ರೇಮ್‌ವರ್ಕ್ ಎಂದರೆ ಮೊದಲೇ ನಿಲ್ಲಿಸಿದ ಕಂಬ ತೊಲೆಗಳು, ಗೋಡೆ ಮಾತ್ರ ನಮ್ಮದು ಎಂಬುದು ಬೇಗ ಅರ್ಥವಾಯಿತು. ಕಂಟ್ರೋಲರ್ ಯಾವುದು, ವ್ಯೂ ಯಾವುದು ಎಂಬಲ್ಲಿ ಮಾತ್ರ ನಾನು ತಡವರಿಸಿದೆ.

"ಯಾರೋ ಜಗಲಿಗೆ ಬಂದು ನಮ್ಮಪ್ಪನ ತಿಥಿ ಯಾವತ್ತು ಅಂತ ಕೇಳ್ತಾರೆ. ನೀವೇನ್ಮಾಡ್ತೀರಿ?"

"ಪುಸ್ತಕ ನೋಡ್ತೀನಿ, ಪಂಚಾಂಗ ನೋಡ್ತೀನಿ, ದಿನ ಗೊತ್ತುಮಾಡ್ತೀನಿ."

"ಅದು ಕಂಟ್ರೋಲರ್. ಆಮೇಲೆ ಚೀಟಿ ಬರೆದು ಕೊಡೋರು ಯಾರು?"

"ನಿಮ್ಮತ್ತೆ. ನನ್ನ ಅಕ್ಷರ ನನಗೇ ತಿಳಿಯಲ್ಲ."

"ಹಾಗಾದ್ರೆ ಅತ್ತೆ ವ್ಯೂ."

ಅಡುಗೆಮನೆಯಿಂದ ನನ್ನಾಕೆ ಕೂಗಿದಳು: "ನನ್ನನ್ಯಾಕಮ್ಮಾ ಎಳೀತೀಯ ಅದರೊಳಗೆ? ಒಗ್ಗರಣೆ ಸೀದುಹೋದ್ರೆ ನೀನೇ ತಿನ್ನು!"

ಪಾಠ ಮನಸ್ಸಿಗೆ ಹತ್ತಿತು. ಬಂದ ಕೋರಿಕೆಯನ್ನು ಕೈಗೆ ತೆಗೆದುಕೊಂಡು, ಬೇಕಾದ ವಿವರಗಳನ್ನು ತರಿಸಿ, ನಿರ್ಣಯ ಮಾಡುವುದು ಕಂಟ್ರೋಲರಿನ ಧರ್ಮ. ಆ ನಿರ್ಣಯವನ್ನು ಚೆಂದವಾಗಿ ಕಾಣಿಸುವುದು ವ್ಯೂನ ಧರ್ಮ. ಇವು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕಬಾರದು. ನಾನು ಓದಿಕೊಂಡು ಬಂದ ಶಾಸ್ತ್ರಗಳಲ್ಲಿಯೂ ಅಧಿಕಾರವೆಂಬುದಕ್ಕೆ ಇಂಥ ಗೆರೆಗಳುಂಟು. ಆದುದರಿಂದ ಈ ವ್ಯವಸ್ಥೆಯ ಮೇಲೆ ನನಗೆ ಗೌರವವೇ ಹುಟ್ಟಿತು. ಗೌರವವಿದ್ದರೂ ಮೀರಿದೆ.

ಮೊದಲು ಕಟ್ಟಿದ್ದು ಹಬ್ಬಗಳ ಪುಟ. ನಾನು ಆರಿಸಿಕೊಂಡಿದ್ದ ಹಬ್ಬಗಳಿಗೆಲ್ಲ ಸೂರ್ಯೋದಯದ ಹೊತ್ತಿಗಿರುವ ತಿಥಿಯೇ ಪ್ರಮಾಣ. ಆ ಮಾತನ್ನು ಕಂಟ್ರೋಲರಿನಲ್ಲಿ ಬರೆಯಲು ಬೇಸರವಾಗಿ, ವ್ಯೂ ಒಳಗೇ ಒಂದು ಸಾಲಿನಲ್ಲಿ ಬರೆದು ಮುಗಿಸಿದೆ. ಸೊಸೆ ನೋಡಿ, "ವ್ಯೂ ಏನನ್ನೂ ತೀರ್ಮಾನ ಮಾಡಬಾರದು ಮಾವ, ಕೊಟ್ಟಿದ್ದನ್ನ ತೋರಿಸಬೇಕು ಅಷ್ಟೆ" ಎಂದಳು. ಒಂದೇ ಸಾಲಲ್ಲವೇ ಎಂದೆ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು.

ಅನಂತರ ಹಿರಿಯರ ತಿಥಿಗಳಿಗೆ ಎರಡು ಪುಟಗಳು. ಹೆಸರು ಒತ್ತಿದರೆ ಆ ಒಬ್ಬರ ವಿವರ ತೋರುವ ಪುಟವನ್ನು ಸೊಸೆ ಪಕ್ಕದಲ್ಲಿ ಕುಳಿತು ಮಾಡಿಸಿದಳು. ಶ್ರಾದ್ಧಕ್ಕೆ ಸೂರ್ಯೋದಯದ ತಿಥಿ ನಡೆಯುವುದಿಲ್ಲ, ಅಪರಾಹ್ಣದಲ್ಲಿರುವ ತಿಥಿ ಬೇಕು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು, ಎಂದರೆ ಸುಮಾರು ಒಂದೂವರೆಯಿಂದ ನಾಲ್ಕರೊಳಗಿನ ಹೊತ್ತು. ಆ ನಿಯಮವನ್ನು ಕಂಟ್ರೋಲರಿನಲ್ಲಿಯೇ ಬರೆದೆವು. ಎಲ್ಲರ ಹೆಸರೂ ಸಾಲಾಗಿ ತೋರುವ ಪಟ್ಟಿಯ ಪುಟವನ್ನು ಮಾತ್ರ ಒಂದು ಮಧ್ಯಾಹ್ನ ನಾನೊಬ್ಬನೇ ಮಾಡಿದೆ. ಹೊಸದಾಗಿ ಬರೆಯುವುದೇಕೆಂದು ಹಬ್ಬದ ಪುಟದ ವ್ಯೂ ಅನ್ನೇ ನಕಲು ಮಾಡಿ, ಹಬ್ಬವೆಂದಿದ್ದಲ್ಲಿ ಹೆಸರು ಕೂರಿಸಿದೆ. ಮೇಲೆ ವಿಭೂತಿಯ ಬಣ್ಣದ ಪಟ್ಟಿ, ಕೆಳಗೆ ಹೆಸರು, ತಿಥಿ, ವಾರ. ನೋಡಲು ಬಹಳ ಸೊಗಸಾಗಿತ್ತು. ನನ್ನಾಕೆಯನ್ನು ಕರೆದು ತೋರಿಸಿದೆ. ಸೊಸೆ ಅದರ ವಿಳಾಸವನ್ನು ಕೇಳಿದವರಿಗೆಲ್ಲ ಕಳುಹಿಸಿದಳು.

ಹಾಗೆ ಕಳುಹಿಸಿಕೊಂಡವರಲ್ಲಿ ಅವಳು ಹೋಗಿಬರುವ ಬಸ್ಸಿನ ಕಂಡಕ್ಟರೂ ಒಬ್ಬ. ಹೆಮ್ಮಿಗೆಯವನು. ತಾಯಿ ತೀರಿ ಮೂರು ವರ್ಷವಾಗಿತ್ತು; ಅವರ ತಿಥಿಯೂ ನನ್ನ ಪುಸ್ತಕದಲ್ಲಿತ್ತು. ಹಿಂದಿನ ವರ್ಷ ತಿಥಿಯ ದಿನ ಆತನಿಗೆ ರಜೆ ಸಿಗದೆ ಕಾರ್ಯ ತಪ್ಪಿಹೋಗಿತ್ತು. ಅದನ್ನು ಆತ ನನ್ನ ಸೊಸೆಗೆ ಟಿಕೆಟ್ ಕೊಡುತ್ತ ಎಷ್ಟೋ ಸಲ ಹೇಳಿಕೊಂಡಿದ್ದನಂತೆ. ಈ ವರ್ಷ ಪಟ್ಟಿಯ ಪುಟವನ್ನು ನೋಡಿ, ಒಂದು ತಿಂಗಳು ಮುಂಚೆಯೇ ರಜೆ ಬರೆದುಕೊಟ್ಟಿದ್ದ.

ಪುಷ್ಯಮಾಸದ ಒಂದು ಶನಿವಾರ ಮಧ್ಯಾಹ್ನ ಆತ ಬಸ್ ನಿಲ್ದಾಣದಿಂದ ನಡೆದು ನಮ್ಮ ಜಗಲಿಗೆ ಬಂದ. ಹೆಗಲಲ್ಲಿ ಟಿಕೆಟ್ ಚೀಲ, ಕೈಯಲ್ಲಿ ಫೋನು.

"ಸಾಮಿ, ಅಡ್ಡಬಿದ್ದೆ. ನಮ್ಮಕ್ಕುಂಗೆ ತೋರ್ಸವ ಅಂತ ಅವ್ವನ ಎಸ್ರು ಒತ್ತುದ್ರೆ ಮಂಗಳವಾರ ಅಂತೈತೆ. ಪಟ್ಟೀಲಿ ನೋಡುದ್ರೆ ಬುಧವಾರ ಅಂತೈತೆ. ಎಲ್ಡೂ ನಿಮ್ದೇಯ. ಯಾವುದ್ನ ನಂಬ್ಲಿ?"

"ರಜೆ ಯಾವತ್ತಿಗೆ ಹಾಕಿದೀಯಪ್ಪ?"

"ಬುಧವಾರುಕ್ಕೆ. ಗಾಡಿ ಬುಡಕ್ಕೆ ಇನ್ನು ಇಪ್ಪತ್ತು ನಿಮ್ಷ ಐತೆ, ವಸಿ ಬಿರ್ನೆ ನೋಡಿ ಸಾಮಿ."

ನನ್ನಾಕೆ ಮಜ್ಜಿಗೆ ತಂದು, "ಕೂತ್ಕೊಂಡು ಕುಡಿಯಪ್ಪ" ಎಂದಳು.

"ಕೂತ್ರೆ ಡ್ರೈವರಣ್ಣ ಊರೆಲ್ಲ ಕೇಳೋ ಅಂಗೆ ಆರನ್ ಒಡೀತಾನೆ ಅಮ್ಮಾರೇ" ಎಂದು ಆತ ನಿಂತೇ ಕುಡಿದ.

ನಾನು ಕಾಗದದ ಪಂಚಾಂಗವನ್ನೇ ತೆರೆದೆ. ಆತನ ತಾಯಿಯದು ಬಹುಳ ಪಂಚಮಿ. ಪಂಚಮಿ ಮಂಗಳವಾರ ಹನ್ನೊಂದು ಗಂಟೆಗೆ ಬಂದು, ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಗಿಯುತ್ತಿತ್ತು. ಬುಧವಾರ ಸೂರ್ಯ ಹುಟ್ಟುವಾಗ ಪಂಚಮಿ ಇದ್ದುದು ನಿಜ. ಆದರೆ ಎಳ್ಳುನೀರು ಬಿಡುವ ಹೊತ್ತಿಗೆ ಅದು ಷಷ್ಠಿ. ಐವತ್ತು ವರ್ಷಗಳಲ್ಲಿ ನಾನು ಯಾರಿಗೂ ತಪ್ಪು ದಿನ ಹೇಳಿದವನಲ್ಲ.

"ಮಂಗಳವಾರವೇ ಸರಿ. ಪಟ್ಟಿ ತಪ್ಪು. ತಪ್ಪು ನನ್ನದು, ನಿನ್ನದಲ್ಲ" ಎಂದೆ.

ಆತ ಲೋಟವನ್ನು ಕಟ್ಟೆಯ ಮೇಲಿಟ್ಟ. "ಓದ್ವರ್ಸ ಡ್ಯೂಟಿ ತಪ್ಪುಸ್ತು. ಈ ವರ್ಸ ಕಂಪ್ಯೂಟ್ರು ತಪ್ಪುಸ್ತಿತ್ತು. ನಮ್ಮವ್ವ ಬದುಕಿದ್ದಾಗ್ಲೂ ಇಂಗೇಯ, ಕಾಯ್ಕೊಂಡ್ ಕೂತಿರಾಳು ಪಾಪ" ಎಂದ. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಹೇಳಬೇಕಾದವನು ತಾನೇ ಎಂಬಂತೆ, "ಬುಡಿ ಸಾಮಿ, ಡಿಪೋದಲ್ಲಿ ಕೇಳ್ತೀನಿ. ಮೂರು ದಿನ ಐತಲ್ಲ" ಎಂದು ಹೊರಟ. ಹಾರನ್ ನಮ್ಮ ಬೀದಿಯವರೆಗೂ ಕೇಳಿಸಿತು.

ಸಂಜೆ ಸೊಸೆ ಪಟ್ಟಿಯ ವ್ಯೂ ತೆರೆದು ಒಂದು ನಿಮಿಷ ನೋಡಿದಳು. "ಮಾವ, ಇಲ್ಲಿ ಸೂರ್ಯೋದಯ ಏನು ಮಾಡ್ತಿದೆ?"

"ಹಬ್ಬದ ಪುಟದಿಂದ ನಕಲು ಮಾಡಿದೆ. ಅದೂ ಜೊತೆಗೇ ಬಂದಿದೆ."

"ಅಂದ್ರೆ ಕಂಟ್ರೋಲರ್ ಅಪರಾಹ್ಣ ನೋಡಿ ದಿನ ಹೇಳ್ತಿದ್ರೆ, ವ್ಯೂ ತನ್ನ ಪಾಡಿಗೆ ತಾನು ಇನ್ನೊಂದು ಪಂಚಾಂಗ ಬಿಚ್ಕೊಂಡು ಕೂತಿದೆ."

ನನ್ನಾಕೆಗೆ ಇಂಥ ಸಂದರ್ಭ ಸಿಗುವುದು ಅಪರೂಪ. "ಇಷ್ಟು ವರ್ಷ ನನ್ನ ಕೈಲಿ ಚೀಟಿ ಬರೆಸಿದ್ರಲ್ಲ, ಒಂದು ದಿನ ನಾನಾಗಿ ಪಂಚಾಂಗ ಮುಟ್ಟಿದ್ನೇ? ಯಾರಾದ್ರೂ ಕೇಳಿದ್ರೆ ಅವರನ್ನೇ ಕೇಳಿ ಅಂತಿದ್ದೆ" ಎಂದಳು. ಇಬ್ಬರೂ ಸೇರಿ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಸೊಸೆ ತಾನು ತಿದ್ದಲಿಲ್ಲ. ಕುರ್ಚಿಯನ್ನು ನನ್ನ ಕಡೆಗೆ ಎಳೆದಳು. ವ್ಯೂನಲ್ಲಿದ್ದ ಆ ಸಾಲನ್ನು ಅಳಿಸಿದೆ. ದಿನ ನಿರ್ಣಯಿಸುವ ಭಾಗ ಕಂಟ್ರೋಲರಿನಲ್ಲಿ ಇದ್ದೇ ಇತ್ತು. ಪಟ್ಟಿಯೂ ಒಬ್ಬೊಬ್ಬರ ಪುಟವೂ ಅದನ್ನೇ ಕೇಳಿ, ಅದು ಕೊಟ್ಟ ದಿನವನ್ನೇ ತೋರುವಂತೆ ಮಾಡಿದೆ. ಹಬ್ಬದ ಪುಟದ ನಿಯಮವನ್ನೂ ಅದರ ಕಂಟ್ರೋಲರಿಗೆ ಸಾಗಿಸಿದೆ. ವ್ಯೂಗಳು ಈಗ ಚಿಕ್ಕವಾಗಿ, ಓದಿದರೆ ಹಗುರವೆನಿಸುವಂತೆ ಆದುವು. ಪುಟವನ್ನು ಮತ್ತೆ ತೆರೆದಾಗ ಪಂಚಮಿಯ ಎದುರು ಮಂಗಳವಾರವೆಂದಿತ್ತು. ಇನ್ನು ಯಾರಿಗಾದರೂ ತಪ್ಪಿದೆಯೇ ಎಂದು ಪಂಚಾಂಗ ಹಿಡಿದು ಇಡೀ ಪಟ್ಟಿಯನ್ನು ನೋಡಿದೆ. ಮುಂದಿನ ತಿಂಗಳುಗಳಲ್ಲಿ ಇಬ್ಬರ ದಿನ ಬದಲಾಗಿತ್ತು. ಇಬ್ಬರಿಗೂ ಫೋನು ಮಾಡಿ ಹೇಳಿದೆ. ತಪ್ಪಾಗಿ ತೋರಿದ್ದರಲ್ಲಿ ಆಗಲೇ ಕಳೆದುಹೋದ ತಿಥಿ ಯಾರದೂ ಇರಲಿಲ್ಲ. ಶ್ರೀಕಂಠೇಶ್ವರ ದೊಡ್ಡವನು.

ಸೋಮವಾರ ಸೊಸೆ ಬಸ್ಸಿನಿಂದಲೇ ಫೋನು ಮಾಡಿದಳು. ಹಿಂದೆ ಇಂಜಿನ್ನಿನ ಸದ್ದು, ಅದರ ಮೇಲೆ ಕಂಡಕ್ಟರನ ದನಿ: "ಏಳ್ಬುಡಿ ಮೇಡಮ್ಮೋರೆ ಸಾಮಿಗೆ. ಬನ್ನೂರು ಗಾಡಿಯವ್ನು ನಾಳೆ ನನ್ ಡ್ಯೂಟಿ ಮಾಡ್ತಾನೆ, ಬುಧವಾರ ಅವುಂದು ನಾನ್ ಮಾಡ್ತೀನಿ!"

ಮಂಗಳವಾರ ನಾನು ಸೊಸೆಯ ಜೊತೆಗೆ ನರಸೀಪುರಕ್ಕೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಮನಸ್ಸು ತಡೆಯಲಿಲ್ಲ. ಕಪಿಲೆ ಕಾವೇರಿಯನ್ನು ಕೂಡುವಲ್ಲಿ ಮೆಟ್ಟಿಲ ಮೇಲೆ ಆತ ಒದ್ದೆ ಪಂಚೆಯಲ್ಲಿ ಕುಳಿತಿದ್ದ. ಖಾಕಿಯಿಲ್ಲದೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಪುರೋಹಿತರು ಹೇಳಿದಂತೆ ಎಳ್ಳುನೀರು ಬಿಟ್ಟ. ಆಗ ಎರಡು ಗಂಟೆ. ಆತನ ಅಕ್ಕ ಬಾಳೆಲೆಯ ಮೇಲೆ ಎಡೆ ಬಡಿಸಿದಳು: ಅನ್ನ, ಅವರೆಕಾಳಿನ ಸಾರು, ರಾಗಿಮುದ್ದೆ, ಒಂದು ಮೂಲೆಯಲ್ಲಿ ಕಪ್ಪಗೆ ಹುಚ್ಚೆಳ್ಳು ಚಟ್ನಿ. ನಾನು ಮರದ ನೆರಳಿನಲ್ಲಿ ನಿಂತಿದ್ದೆ. ಕಾಗೆಯೊಂದು ಹಾರಿಬಂದು, ಅತ್ತಿತ್ತ ನೋಡದೆ ಎಲೆಗೆ ಬಾಯಿಹಾಕಿತು.

ಆತ ಕೈಮುಗಿದು ಎದ್ದು ನನ್ನನ್ನು ಕಂಡ. "ಓ, ಸಾಮೇರು ಬಂದವ್ರೆ! ನೋಡುದ್ರಾ ಸಾಮಿ, ಮೊದ್ಲು ಚಟ್ನಿಗೇ ಬಾಯಾಕ್ತು. ನಮ್ಮವ್ವನೇಯ, ಅನ್ಮಾನ್ವೇ ಬ್ಯಾಡ."

"ಮುದ್ದೆ ಬಿಟ್ಟು ಬರೀ ಚಟ್ನಿ ತಿಂತಾ ಅವ್ಳೆ, ಬೈಯಲಾ ಅವ್ಳಿಗೆ" ಎಂದು ಅಕ್ಕ ನಗುತ್ತ ಕಣ್ಣೊರೆಸಿಕೊಂಡಳು.

"ತಿನ್ಲಿ ಸುಮ್ಕಿರಕ್ಕ" ಎಂದ ಆತ. "ಎಲ್ಡು ವರ್ಸುದ್ದು ಒಟ್ಗೆ ತಿನ್ಲಿ."