ಎದುರಿಗೆ ನಿಂತವರ ಬಟ್ಟೆ

ನಮ್ಮ ಅತ್ತಿಗೆಯದು ಇಸ್ತ್ರಿ ಅಂಗಡಿ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೇಜು, ಅದರ ಮೇಲೆ ಹಳೆಯ ಕಂಬಳಿ, ಗೋಡೆಗೆ ಒರಗಿಸಿದ ಬಟ್ಟೆಗಂಟುಗಳು, ಅಷ್ಟೆ. ಅಲ್ಲಿ ನಡೆಯುತ್ತಿದ್ದ ಕಾನೂನು ಒಂದೇ: ಎದುರಿಗೆ ನಿಂತವರ ಬಟ್ಟೆಗೆ ಮೊದಲು ಇಸ್ತ್ರಿ. ಗಂಟು ಕೊಟ್ಟು ಮನೆಗೆ ಹೋದ ಮರ್ಯಾದಸ್ಥರದು ರಾಶಿಯ ಅಡಿಗೆ ಬೀಳುತ್ತಿತ್ತು. "ಈಗಲೇ ಬೇಕಮ್ಮ" ಅಂತ ಪಟ್ಟು ಹಿಡಿದು ನಿಂತವರದು ಬಿಸಿಬಿಸಿಯಾಗಿ ಕೈಗೆ ಬರುತ್ತಿತ್ತು.

"ಇದು ಅನ್ಯಾಯ ಅಲ್ವಾ ಅತ್ತಿಗೆ?" ಅಂತ ನಾನು ಕೆಣಕುತ್ತಿದ್ದೆ.

"ಕಣ್ಣೆದುರಿಗೆ ಇದ್ದವರ ಕೆಲಸ ಆಗುತ್ತೆ ಪುಟ್ಟಿ. ನಿನ್ನ ಬಸ್ಸಲ್ಲಿ ಹಾಗಲ್ವಾ?" ಅನ್ನುತ್ತಿದ್ದಳು.

ನಾನು ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ ಜನರ ಹತ್ತಿರ ಕೂಗಾಡಿ ಬಾಯಿ ಜೋರಾಗಿದೆ.

ನನ್ನ ಅಣ್ಣ, ಅಂದರೆ ಅವಳ ಗಂಡ, ಸರಕು ಸಾಗಿಸುವ ಹಡಗಿನಲ್ಲಿ ಅಡುಗೆಯವನು. ಪರದೇಶದ ಬಂದರಿನಲ್ಲಿ ನಿಂತಿದ್ದಾಗ ಹಡಗಿನ ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡು, ಸಾಮಾನು ಇಳಿಸಲು ಬಂದಿದ್ದ ಆ ಊರಿನ ಕೂಲಿಯೊಬ್ಬ ಸತ್ತುಹೋದ. ಅಡುಗೆಯವನ ಅಜಾಗರೂಕತೆ ಅಂತ ಅಣ್ಣನನ್ನು ಜೈಲಿಗೆ ಹಾಕಿದರು. ಗ್ಯಾಸ್ ಪೈಪು ಸೋರುತ್ತಿದೆ ಅಂತ ಅವನು ಮೊದಲೇ ಕ್ಯಾಪ್ಟನ್‌ಗೆ ಹೇಳಿದ್ದ. ಅದನ್ನು ಕಿವಿಯಾರೆ ಕೇಳಿದವನು ಒಬ್ಬನೇ, ಅವನ ಕೈಕೆಳಗಿನ ಸಹಾಯಕ. ಸುಟ್ಟ ಹಡಗು ರಿಪೇರಿಗಾಗಿ ಅದೇ ಬಂದರಿನಲ್ಲಿತ್ತು, ಸಹಾಯಕನೂ ಹಡಗಿನಲ್ಲೇ ಇದ್ದ.

ಅಣ್ಣನಿಗೆ ಜೈಲಿನಿಂದ ವಾರಕ್ಕೊಮ್ಮೆ ಫೋನು ಮಾಡಲು ಬಿಡುತ್ತಿದ್ದರು. "ಸಹಾಯಕ ಬಂದು ಸಾಕ್ಷಿ ಹೇಳಿದ್ರೆ ಬಿಟ್ಟುಬಿಡ್ತಾರಂತೆ, ಇಲ್ಲಿನ ಲಾಯರಮ್ಮ ಹೇಳಿದ್ರು. ಮುಂದಿನ ತಿಂಗಳು ವಿಚಾರಣೆ. ನೀವು ಸುಮ್ನೆ ಇರಿ," ಅಂದ.

ಸುಮ್ಮನಿರು ಅಂದರೆ ಹೆಂಡತಿಯಾದವಳು ಹೇಗಿರುತ್ತಾಳೆ? ಅಷ್ಟರಲ್ಲಿ ಯಾರೋ ಗಿರಾಕಿ ಕಿವಿಯೂದಿದರು: ನಮ್ಮ ಸರ್ಕಾರ ಒಂದು ಮಾತು ಆಡಿದರೆ ಸಾಕು, ಪರದೇಶದ ಕೋರ್ಟೂ ಬಗ್ಗುತ್ತದೆ. ಅತ್ತಿಗೆ ಇಸ್ತ್ರಿಪೆಟ್ಟಿಗೆ ಆರಿಸಿ ಎದ್ದವಳೇ ವಿದೇಶಾಂಗ ಕಚೇರಿಯ ಗೇಟಿನೆದುರು ಹೋಗಿ ನಿಂತಳು. ತನ್ನ ಅಂಗಡಿಯ ಕಾನೂನೇ ಅಲ್ಲೂ ನಡೆಯುತ್ತದೆ ಅಂತ ಅವಳ ನಂಬಿಕೆ. ಸುಮ್ನೆ ಇರಿ ಅಂದಿದ್ದ ಅಣ್ಣನಿಗೆ ಮಾತ್ರ ಫೋನಿನಲ್ಲಿ ಇದನ್ನು ಹೇಳಲಿಲ್ಲ. ನನ್ನ ಬಸ್ಸು ಹೋಗುವುದು ಆ ಗೇಟಿನ ಮುಂದೆಯೇ. ಪ್ರತಿ ಟ್ರಿಪ್ಪಿನಲ್ಲೂ ಅವಳು ಕಾಣಿಸುತ್ತಿದ್ದಳು, ಸೆರಗು ತಲೆಗೆ ಹೊದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

ಕೊನೆಗೆ ಒಬ್ಬ ಅಧಿಕಾರಿ ಒಳಗೆ ಕರೆಸಿದರು. ಶರ್ಟು ಹಪ್ಪಳದ ಹಾಗೆ ಗರಿಗರಿ. ಅತ್ತಿಗೆ ಅವರಿಗೆ ಗರಿಗರಿ ಸಾಹೇಬರು ಅಂತಲೇ ಹೆಸರಿಟ್ಟಳು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನೀರು ಕೊಟ್ಟು ಕೂರಿಸಿ ಕತೆಯೆಲ್ಲ ಕೇಳಿದರು. ವಿಚಾರಣೆಗೆ ಇನ್ನೇನು ಒಂದು ವಾರವಿದೆ ಅನ್ನುವಾಗ ಫೋನು ಮಾಡಿ, "ನಮ್ಮ ರಾಯಭಾರಿ ಅಲ್ಲಿನ ಸರ್ಕಾರಕ್ಕೆ ಮನವಿ ಕೊಟ್ಟಿದ್ದಾರಮ್ಮ, ಮಧ್ಯೆ ಪ್ರವೇಶಿಸಿ ಅಂತ ಕೇಳಿದ್ದಾರೆ," ಅಂದರು. ಅವತ್ತು ಅತ್ತಿಗೆ ಬೀದಿಯವರ ಬಟ್ಟೆಯನ್ನೆಲ್ಲ ಪುಕ್ಕಟೆ ಇಸ್ತ್ರಿ ಮಾಡಿಕೊಟ್ಟಳು.

ವಿಚಾರಣೆಯ ಮರುದಿನ ಅಣ್ಣನ ಫೋನು ಬಂತು. ಅತ್ತಿಗೆ ಸ್ಪೀಕರ್ ಹಾಕಿದಳು.

"ವಿಚಾರಣೆ ನಡೀಲೇ ಇಲ್ಲ ಕಣೇ. ನಮ್ಮ ಸರ್ಕಾರದವರು ಏನೋ ಮನವಿ ಕಳಿಸಿದಾರಂತೆ. ಎರಡು ಸರ್ಕಾರಗಳ ಮಾತು ಮುಗಿಯೋವರೆಗೂ ಕೇಸು ಮುಟ್ಟಲ್ಲ, ಒಂದು ಸಾಕ್ಷಿಯನ್ನೂ ಕೇಳಲ್ಲ ಅಂದ್ಬಿಟ್ರು ಜಡ್ಜು. ಲಾಯರಮ್ಮ ಎಷ್ಟು ಬೇಡಿಕೊಂಡ್ರೂ ಆಗಲಿಲ್ಲ. ಹಡಗು ರಿಪೇರಿ ಮುಗೀತು. ಈ ವಾರ ಹೊರಡುತ್ತೆ."

ಹಡಗು ಹೊರಟರೆ ಸಹಾಯಕನೂ ಹೋದ. ಅವನನ್ನು ಯಾವ ಸಮುದ್ರದಲ್ಲಿ ಹುಡುಕುವುದು? ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ನಾನು ಡ್ಯೂಟಿಗೆ ರಜೆ ಹಾಕಿ ಹಿಂದೆಯೇ ಓಡಿದೆ.

"ಸಾಹೇಬ್ರೇ, ಆ ಮನವಿ ವಾಪಸ್ ತಗೊಳ್ಳಿ. ಬೇಡ ನಮಗೆ," ಅಂತ ಅತ್ತಿಗೆ ಗೋಗರೆದಳು.

ಗರಿಗರಿ ಸಾಹೇಬರ ಮುಖ ಸಪ್ಪಗಾಯಿತು. "ಒಂದು ದೇಶ ಕೇಳಿದ್ದನ್ನ ಹಾಗೆಲ್ಲ ವಾಪಸ್ ತಗೊಳ್ಳೋಕಾಗಲ್ಲಮ್ಮ. ತಪ್ಪು ನಿಮ್ಮ ಗಂಡನದೇ ಅಂತ ನಾವೇ ಒಪ್ಪಿದ ಹಾಗಾಗುತ್ತೆ. ಮೇಲಿನವರು ತೀರ್ಮಾನ ಮಾಡಬೇಕು, ಅವರು ಪ್ರವಾಸದಲ್ಲಿದಾರೆ."

"ಮೇಲಿನವರು ಬರೋವರೆಗೆ ಹಡಗು ಕಾಯುತ್ತಾ?" ಅಂತ ನಾನು ಮೇಜು ಗುದ್ದಿ ಕೇಳಿದೆ. ಬಸ್ಸಿನಲ್ಲಾಗಿದ್ದರೆ ಅವರನ್ನು ಅರ್ಧ ದಾರಿಯಲ್ಲೇ ಇಳಿಸಿಬಿಡುತ್ತಿದ್ದೆ. ಅವರು ನನ್ನ ಮುಂದೆಯೂ ನೀರಿನ ಲೋಟ ಇಟ್ಟರು, ಜಗಳಕ್ಕೂ ಸಿಗಲಿಲ್ಲ.

ಅತ್ತಿಗೆ ಮತ್ತೆ ಗೇಟಿನೆದುರು ನಿಂತಳು. ಈ ಸಲ ಬೇಡ ಅನ್ನುವುದಕ್ಕೆ. ಒಳಗಿನವರಿಗೆ ಅವಳ ಮುಖ ಆಗಲೇ ಹಳೆಯದಾಗಿತ್ತು. ಕಾವಲುಗಾರ ಕೂಡ, "ನಿಮ್ಮ ಕೆಲಸ ಆಗಿದೆಯಲ್ಲಮ್ಮ, ಮತ್ತೇನು?" ಅಂದ.

ಹಡಗು ಹೊರಟುಹೋಯಿತು. ಮುಂದಿನ ಫೋನಿನಲ್ಲಿ ಅಣ್ಣ ಅದನ್ನು ಹೇಳಿದ. ಆಮೇಲೆ ಕೇಳಿದ: "ಅಲ್ಲ, ನಮ್ಮ ಸರ್ಕಾರಕ್ಕೆ ನನ್ನ ವಿಷಯ ಯಾರೇ ಹೇಳಿದ್ದು?"

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಅದುಮಿದಳು. "ನಾನೇ," ಅಂದಳು. "ದಿನಾ ಹೋಗಿ ನಿಂತೆ."

ಆ ಕಡೆ ಜೈಲಿನ ಗದ್ದಲ ಕೇಳುತ್ತಿತ್ತು, ಅಣ್ಣನ ದನಿ ಇಲ್ಲ. ಬೈಯಲಿ, ಒಂದು ಮಾತು ಬೈದಾದರೂ ಬೈಯಲಿ ಅಂತ ನಾನು ಬೇಡಿಕೊಂಡೆ. ಬಹಳ ಹೊತ್ತಿನ ಮೇಲೆ ಅವನು, "ಊಟ ಆಯ್ತಾ?" ಅಂದ. ಅವಳು ಉತ್ತರ ಕೊಡುವ ಮೊದಲೇ ಲೈನು ಕಟ್ಟಾಯಿತು.

ಅಣ್ಣ ಇನ್ನೂ ಅಲ್ಲೇ ಇದ್ದಾನೆ. ಎರಡು ಸರ್ಕಾರಗಳು ಇನ್ನೂ ಮಾತಾಡುತ್ತಲೇ ಇವೆಯಂತೆ.

ಮೊನ್ನೆ ನಾನು ಮೆಟ್ಟಿಲ ಕೆಳಗೆ ಕೂತಿದ್ದಾಗ ಪಕ್ಕದ ಬೀದಿಯ ಮೇಷ್ಟ್ರು ಒಂದು ಶರ್ಟು ಹಿಡಿದು ಬಂದರು. "ಅರ್ಜೆಂಟಮ್ಮ. ಇಲ್ಲೇ ನಿಂತಿರ್ತೀನಿ," ಅಂದರು.

 ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎರಡೂ ಕೈ ಜೋಡಿಸಿದಳು. "ನಿಂತ್ಕೋಬೇಡಿ ಮೇಷ್ಟ್ರೇ. ನಿಮ್ಮ ದಮ್ಮಯ್ಯ, ಮನೆಗೆ ಹೋಗಿ."

ಅವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ಅತ್ತಿಗೆ ಬಗ್ಗಿ, ಎಲ್ಲಕ್ಕಿಂತ ಅಡಿಯಲ್ಲಿದ್ದ ಗಂಟನ್ನು ಎಳೆದು ಬಿಚ್ಚತೊಡಗಿದಳು.