ಹೊಸ ಗಾಡಿ ಮಾರಲು ಒಂದು ಕಾರಣ

ಹಳೆಯ ವಸ್ತು ಮಾರುವವನನ್ನು ಯಾರೂ ಕಾರಣ ಕೇಳುವುದಿಲ್ಲ. ಹದಿನೈದು ವರ್ಷ ತುಳಿದ ಸೈಕಲ್ಲನ್ನೋ, ಬಾಗಿಲು ಸರಿಯಾಗಿ ಮುಚ್ಚದ ಬೀರುವನ್ನೋ ಮಾರಲು ಹೊರಟರೆ ಜನ ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ, ಹೊತ್ತುಕೊಂಡು ಹೋಗುತ್ತಾರೆ. ಅದೇ ಹೊಸ ವಸ್ತುವನ್ನು ಮಾರಲು ನಿಂತಿರೋ, ಬೆಲೆಗಿಂತ ಮೊದಲು ನಿಮ್ಮ ಮುಖ ನೋಡುತ್ತಾರೆ. ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವರಿಗೆ ಆಗಲೇ ಖಾತ್ರಿಯಾಗಿರುತ್ತದೆ. ನನ್ನ ವಿಷಯದಲ್ಲಿ ಅವರ ಅನುಮಾನ ನಿಜವೇ ಆಗಿತ್ತು. ಮೂರು ತಿಂಗಳ ಹಿಂದೆ ಕೊಂಡ ಮೋಟಾರ್ ಸೈಕಲ್ಲನ್ನು ಮಾರಲು ನಿಂತ ನಾನು ಒಂದು ಐಬನ್ನು ಮುಚ್ಚಿಟ್ಟಿದ್ದೆ. ಅದು ಗಾಡಿಯ ಐಬಲ್ಲ, ನನ್ನದು. ನನಗೆ ಆ ಗಾಡಿಯನ್ನು ಕಂಡರೆ ಭಯ.

ಐವತ್ತನಾಲ್ಕು ವರ್ಷದ ಗಂಡಸು ಹೀಗೆ ಹೇಳಿಕೊಂಡರೆ ನಿಮಗೆ ನಗು ಬರಬಹುದು. ನಗಿ, ನನಗೆ ಬೇಸರವಿಲ್ಲ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಯುದ್ಧಗಳನ್ನೆಲ್ಲ ಸೀಮೆಸುಣ್ಣ ಹಿಡಿದು ನಿಂತಲ್ಲೇ ಗೆದ್ದು ಅಭ್ಯಾಸ. ಇಪ್ಪತ್ತೆರಡು ವರ್ಷ ಒಂದೇ ಸ್ಕೂಟರಿನಲ್ಲಿ ವಿಜಯನಗರದ ಮನೆಯಿಂದ ಕಾಲೇಜಿಗೆ ಹೋಗಿ ಬಂದೆ. ಅದು ಕೊನೆಗೂ ಕೈಬಿಟ್ಟಾಗ ಇನ್ನೊಂದು ಸ್ಕೂಟರ್ ತರೋಣವೆಂದೇ ಶೋರೂಮಿಗೆ ಹೋದದ್ದು. ಅಲ್ಲಿ ಟೈ ಕಟ್ಟಿಕೊಂಡಿದ್ದ ಒಬ್ಬ, ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಪರ್ಸನಾಲಿಟಿಗೆ ಸ್ಕೂಟರ್ ಒಪ್ಪಲ್ಲ ಸಾರ್ ಎಂದ. ನನಗೆ ಪರ್ಸನಾಲಿಟಿ ಇದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಎರಡು ಲಕ್ಷದ ಹತ್ತು ಸಾವಿರ ಕೊಟ್ಟು, ನೂರ ಎಂಬತ್ತು ಕಿಲೋ ತೂಗುವ ಕರಿಯ ಮೋಟಾರ್ ಸೈಕಲ್ ತಂದು ಮನೆ ಮುಂದೆ ನಿಲ್ಲಿಸಿದೆ.

ಆ ದುಡ್ಡು ನನ್ನ ಹೆಂಡತಿ ವಿಮಲಳ ಚೀಟಿಯದು. ಅವಳು ಸಹಕಾರ ಬ್ಯಾಂಕಿನಲ್ಲಿ ಕ್ಯಾಷಿಯರ್. ಅಡುಗೆಮನೆಗೆ ಹೊಸ ಕಪಾಟು, ಕಲ್ಲು ಹಾಕಿಸಬೇಕೆಂದು ನಾಲ್ಕು ವರ್ಷ ಕಟ್ಟಿದ್ದ ಚೀಟಿ. ಆಗಲಿ, ನಿಮಗೂ ಒಂದು ಆಸೆ ಅಂತ ಇರುತ್ತಲ್ಲ, ಕಪಾಟು ಮುಂದಿನ ವರ್ಷ ನೋಡೋಣ ಎಂದಳು. ಆಯುಧಪೂಜೆಯ ದಿನ ಅವಳೇ ಚೆಂಡು ಹೂವಿನ ಹಾರ ಹಾಕಿ, ಎರಡೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದಳು. ಅಷ್ಟು ನಂಬಿಕೆಯಿಂದ ಆರತಿ ಎತ್ತಿದವಳ ಮುಂದೆ ಭಯವಾಗುತ್ತದೆ ಎಂದು ಹೇಗೆ ಹೇಳುವುದು?

ಭಯ ಮೊದಲ ದಿನದಿಂದಲೇ ಇತ್ತು. ಸೀಟಿನ ಮೇಲೆ ಕೂತರೆ ನನ್ನ ಕಾಲಿನ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಸಿಗ್ನಲಿನಲ್ಲಿ ನಿಂತರೆ ಗಾಡಿ ಎಡಕ್ಕೋ ಬಲಕ್ಕೋ ವಾಲಲು ಮನಸ್ಸು ಮಾಡುತ್ತಿದೆ ಎನ್ನಿಸುತ್ತಿತ್ತು. ಆದರೂ ಹೇಗೋ ಒಂದು ತಿಂಗಳು ಓಡಿಸಿದೆ. ಕಾರ್ತಿಕದಲ್ಲಿ ಒಂದು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋದೆ. ಇಳಿಯುವಾಗ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬಸ್ಸು ಅದರ ಪಾಡಿಗೆ ಹೋಯಿತು, ನಾನು ನನ್ನ ಪಾಡಿಗೆ ನಿಂತೆ. ಏನೂ ಆಗಲಿಲ್ಲ. ಆದರೆ ಆ ಒಂದು ಗಳಿಗೆಯಲ್ಲಿ ನನ್ನ ಕೈಗಳು ನನ್ನ ಮಾತು ಕೇಳಲಿಲ್ಲ. ಮನೆಗೆ ತಡವಾಗಿ ಬಂದಾಗ ವಿಮಲ ಯಾಕೆಂದು ಕೇಳಿದಳು. ದರ್ಶನಕ್ಕೆ ಕ್ಯೂ ಬಹಳ ಇತ್ತು ಎಂದೆ. ತಾಯಿ ಚಾಮುಂಡಿಯ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು.

ಅಲ್ಲಿಂದ ಮುಂದೆ ನಡೆದದ್ದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಗತ್ತಿನಿಂದ ಮನೆಯಿಂದ ಹೊರಡುತ್ತಿದ್ದೆ. ಎರಡು ಬೀದಿ ದಾಟಿ, ಒಂದು ದರ್ಜಿ ಅಂಗಡಿಯ ಪಕ್ಕ ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ, ಸಿಟಿ ಬಸ್ಸು ಹತ್ತುತ್ತಿದ್ದೆ. ಸಂಜೆ ಅದೇ ಬಸ್ಸಿನಲ್ಲಿ ಬಂದು, ಗಾಡಿ ಹತ್ತಿ, ಎರಡು ಬೀದಿ ದಾಟಿ, ದಣಿದವನಂತೆ ಮನೆಯೊಳಗೆ ಕಾಲಿಡುತ್ತಿದ್ದೆ. ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತವನನ್ನು ಕಂಡರೆ ಕಂಡಕ್ಟರನಿಗೂ ಏನೋ ಒಂದು ತರಹದ ಕನಿಕರ. ದರ್ಜಿ ಮೊದಲ ವಾರ ಏನೂ ಕೇಳಲಿಲ್ಲ. ಎರಡನೆಯ ವಾರ, ಪೆಟ್ರೋಲ್ ಉಳಿಸ್ತಿದ್ದೀರಾ ಸಾರ್ ಎಂದರು. ಹೌದೆಂದೆ. ಗಾಡಿಯ ಭಯದ ಜೊತೆಗೆ ಈಗ ಸಿಕ್ಕಿಬೀಳುವ ಭಯವೂ ಸೇರಿಕೊಂಡಿತು. ಬಸ್ಸಿನ ಕಿಟಕಿಯಿಂದ ಯಾರು ನೋಡಿಬಿಟ್ಟಾರೋ ಎಂದು ತಲೆ ತಗ್ಗಿಸಿಯೇ ಕೂರುತ್ತಿದ್ದೆ. ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ನಾನು ಹಾವನ್ನು ದುಡ್ಡು ಕೊಟ್ಟು ತಂದುಕೊಂಡಿದ್ದೆ.

ಕೊನೆಗೆ ಮಾರಿಬಿಡುವುದೆಂದು ತೀರ್ಮಾನಿಸಿದೆ. ವಿಮಲಳಿಗೆ ಬೆನ್ನು ನೋವು ಎಂದೆ. ಅವಳು ಬೆನ್ನಿಗೆ ಎಣ್ಣೆ ತಿಕ್ಕಿದಳು. ಆಮೇಲೆ ಕ್ಯಾಷಿಯರಿನ ಧ್ವನಿಯಲ್ಲಿ, ಮಾರಿ, ಆದರೆ ಒಂದು ಲಕ್ಷದ ಎಂಬತ್ತೈದಕ್ಕಿಂತ ಒಂದು ರೂಪಾಯಿ ಕಡಿಮೆಗೂ ಕೊಡಬೇಡಿ, ಅದು ನನ್ನ ಅಡುಗೆಮನೆ ಎಂದಳು.

ದೇವರಾಜ ಮೊಹಲ್ಲಾದ ಹತ್ತಿರ ಹಳೇ ಗಾಡಿಗಳನ್ನು ಕೊಂಡು ಮಾರುವ ಒಬ್ಬರಿದ್ದಾರೆ. ಮೊದಲು ಅಲ್ಲಿಗೆ ಹೋದೆ. ಅವರು ಗಾಡಿಯನ್ನು ಸುತ್ತಿ ಬಂದು, ಮೀಟರ್ ನೋಡಿ, ಆರುನೂರ ನಲವತ್ತೇ ಕಿಲೋಮೀಟರಾ, ಮೀಟರ್ ಕಟ್ ಮಾಡ್ಸಿದ್ದೀರಾ ಎಂದು ಕೇಳಿದರು. ಅಷ್ಟೇ ಓಡಿಸಿದ್ದು ಎಂದರೆ ಅನುಮಾನ ಇನ್ನೂ ಹೆಚ್ಚಿತು. ಒಂದು ನಲವತ್ತು ಎಂದರು. ಎಪ್ಪತ್ತು ಸಾವಿರ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. "ನೋಡಿ ಸಾರ್, ಹತ್ತು ವರ್ಷದ ಗಾಡಿ ತಗೊಳ್ಳೋನು ಇಂಜಿನ್ ನೋಡ್ತಾನೆ. ಮೂರು ತಿಂಗಳ ಗಾಡಿ ತಗೊಳ್ಳೋನು ಹೆದರ್ಕೋತಾನೆ. ಆ ಹೆದರಿಕೆಗೆ ಎಪ್ಪತ್ತು ಸಾವಿರ."

ನನ್ನ ಮುತ್ತಜ್ಜ ಅರಮನೆಯ ಕುದುರೆ ಲಾಯದಲ್ಲಿ ಗುಮಾಸ್ತೆಯಾಗಿದ್ದವರು. ಹುರುಳಿ, ಹುಲ್ಲು, ಲಾಳದ ಲೆಕ್ಕ ಬರೆಯುವುದು ಅವರ ಕೆಲಸ. ಒಂದು ದಿನವೂ ಕುದುರೆ ಹತ್ತಿದವರಲ್ಲ ಎಂದು ನಮ್ಮ ಮನೆಯಲ್ಲಿ ಪ್ರತೀತಿ. ನನ್ನ ಭಯಕ್ಕೆ ವಂಶದ ಬೇರು ಇದೆಯೆಂದು ಈಗ ಅನ್ನಿಸುತ್ತದೆ. ಅವರು ಹೇಳುತ್ತಿದ್ದರೆಂದು ನಮ್ಮಜ್ಜ ಹೇಳುತ್ತಿದ್ದ ಒಂದು ಮಾತಿದೆ. ಕುದುರೆ ಕೊಳ್ಳುವವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಿದ್ದರಂತೆ. ಕೂದಲು ಸುತ್ತಿಕೊಂಡ ಆ ಸುಳಿ ಒಂದು ಜಾಗದಲ್ಲಿದ್ದರೆ ಯಜಮಾನನಿಗೆ ಭಾಗ್ಯ, ಇನ್ನೊಂದು ಜಾಗದಲ್ಲಿದ್ದರೆ ಪ್ರಾಣಕ್ಕೇ ಸಂಚಕಾರ. ಎತ್ತು ಕೊಳ್ಳುವವರು ಇವತ್ತಿಗೂ ನೋಡುತ್ತಾರೆ. ಕೆಟ್ಟ ಸುಳಿಯ ಪ್ರಾಣಿಯನ್ನು ಎಷ್ಟೇ ಚೆನ್ನಾಗಿ ಮೇಯಿಸಿದರೂ ಬೆಲೆ ಬರುವುದಿಲ್ಲ. ಮೋಟಾರ್ ಸೈಕಲ್ಲಿಗೆ ಕೂದಲಿಲ್ಲ. ಅದಕ್ಕೇ ಕೊಳ್ಳುವವರು ಮಾರುವವನ ಮುಖದಲ್ಲಿ ಸುಳಿ ಹುಡುಕುತ್ತಾರೆ.

ಆಮೇಲೆ ಕೊಟ್ಟ ಜಾಹೀರಾತು ನೋಡಿ ಯಾದವಗಿರಿಯಿಂದ ಬಂದ ನಿವೃತ್ತ ಇಂಜಿನಿಯರ್ ಒಬ್ಬರು ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ಗಾಡಿಯ ಹೊಟ್ಟೆಯನ್ನೆಲ್ಲ ಪರೀಕ್ಷಿಸಿದರು. ಒಂದು ಗೀರೂ ಸಿಗದೆ ಅವರಿಗೆ ನಿರಾಸೆಯಾಯಿತು. ಯಾಕೆ ಮಾರ್ತಿದ್ದೀರಿ ಎಂದರು. ಕಲಬುರಗಿಗೆ ವರ್ಗವಾಗಿದೆ ಎಂದೆ. ರೈಲಿನಲ್ಲಿ ಪಾರ್ಸೆಲ್ ಹಾಕಿದರೆ ಎರಡು ದಿನದಲ್ಲಿ ತಲುಪುತ್ತಲ್ಲ ಎಂದರು. ಅಲ್ಲಿ ಬಿಸಿಲು ಜಾಸ್ತಿ ಎಂದು ತೊದಲಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಅವರು ಕೈ ಒರೆಸಿಕೊಂಡು, ಒಂದು ಮೂವತ್ತಕ್ಕಾದರೆ ಯೋಚಿಸ್ತೀನಿ ಎಂದು ಹೇಳಿ ಹೋದರು. ನನ್ನ ಒಂದೊಂದು ಸುಳ್ಳಿಗೂ ಗಾಡಿಯ ಬೆಲೆ ಹತ್ತು ಸಾವಿರ ಇಳಿಯುತ್ತಿತ್ತು. ನಿಜ ಹೇಳಿದ್ದರೆ ನಿಲ್ಲುತ್ತಿತ್ತೇನೋ. ಆದರೆ ನಿಜ ಹೇಳಿದರೆ ಇಳಿಯುವುದು ನನ್ನ ಬೆಲೆ. ಅದೂ ವಿಮಲಳ ಮುಂದೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಜಯಮ್ಮ ಎಂಬವರು ಮಗನ ಜೊತೆ ಬಂದರು. ಮಾರ್ಕೆಟ್ಟಿನಲ್ಲಿ ಬಾಳೆಎಲೆ, ವೀಳ್ಯದೆಲೆ ವ್ಯಾಪಾರ ಮಾಡುವವರು. ಮಗ ಮನು ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್, ಇಪ್ಪತ್ತಮೂರು ವರ್ಷ. ಗಾಡಿ ನೋಡುತ್ತಲೇ ಅವನ ಮುಖ ಅರಳಿತು. ಒಂದು ಸುತ್ತು ಓಡಿಸಿಕೊಂಡು ಬಂದ. ಅವನು ಹಿಂತಿರುಗುವವರೆಗೂ ನಾನು ಗೇಟು ಹಿಡಿದುಕೊಂಡೇ ನಿಂತಿದ್ದೆ. ಒಂದು ಎಂಬತ್ತೈದಕ್ಕೆ ಅವನು ಅಲ್ಲೇ ತಲೆಯಾಡಿಸಿದ. ಜಯಮ್ಮ ಮಾತ್ರ ಗಾಡಿಯನ್ನು ಮುಟ್ಟದೆ ದೂರವೇ ನಿಂತಿದ್ದರು. ವಿಮಲ ಕಾಫಿ ತರಲು ಒಳಗೆ ಹೋಗಿದ್ದಳು.

"ಒಸಾ ಗಾಡಿ ಯಾಕ್ ಮಾರ್ತಿದೀರ ಸಾರ್?" ಎಂದರು ಜಯಮ್ಮ.

ಬೆನ್ನು ನೋವು ಎಂದೆ. ಅವರೂ ನನ್ನ ಮುಖದಲ್ಲಿ ಸುಳಿ ಹುಡುಕಿದರು.

"ಬೇಜಾರ್ ಮಾಡ್ಕಬೇಡಿ. ನನ್ ತಮ್ಮಂಗೆ ಗಾಡಿ ಮಾರ್ದೋರೂ ಬೆನ್ನು ನೋವು ಅಂತ್ಲೇ ಏಳಿದ್ರು. ವಾರ ಆಗಿರ್ನಿಲ್ಲ, ಬ್ರೇಕ್ ಕೈ ಕೊಡ್ತು. ಈಗ ಕೋಲು ಊರ್ಕಂಡು ಓಡಾಡ್ತವ್ನೆ. ನನ್‌ಗಿರೋನು ಇವ್ನೊಬ್ಬ. ನಿಜ ಏಳ್ಬುಡಿ ಸಾರ್, ಈ ಗಾಡೀಲಿ ಏನೈತೆ?"

ಆ ಹೆಂಗಸಿನ ಕಣ್ಣಿನಲ್ಲಿದ್ದ ಭಯವನ್ನು ನಾನು ಚೆನ್ನಾಗಿ ಬಲ್ಲೆ. ಎರಡು ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ. ಅದರ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಗಾಡೀಲಿ ಏನೂ ಇಲ್ಲಮ್ಮ. ನನಗೇ ಭಯ," ಎಂದೆ.

ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಬೆಟ್ಟದ ತಿರುವಿನ ಕತೆಯನ್ನೆಲ್ಲ ಹೇಳಿದೆ. ಬಸ್ಸು ಹೋದ ಮೇಲೆ ರಸ್ತೆಯ ಪಕ್ಕ ಇಳಿದು ನಿಂತದ್ದು, ಸ್ಟ್ಯಾಂಡ್ ಹಾಕಲು ಒಂದು ಕಾಲು ಎತ್ತುವುದಕ್ಕೂ ಧೈರ್ಯ ಬಾರದೆ ಇದ್ದದ್ದು, ಕೈಬಿಟ್ಟರೆ ಗಾಡಿ ಬೀಳುತ್ತದೆ, ಬಿಡದಿದ್ದರೆ ನಾನು ಬೀಳುತ್ತೇನೆ ಎಂದುಕೊಂಡು ಅದನ್ನು ಅಪ್ಪಿಕೊಂಡೇ ಅರ್ಧ ಗಂಟೆ ನಿಂತದ್ದು. ಆಮೇಲೆ ಎಂಗೆ ಇಳಿದ್ರಿ ಎಂದು ಜಯಮ್ಮ ಕೇಳಿದರು. ಮೊದಲನೇ ಗೇರಿನಲ್ಲಿ, ಎರಡೂ ಕಾಲಿನ ತುದಿ ನೆಲಕ್ಕೆ ಎಳೆದುಕೊಂಡು, ಬುಡದವರೆಗೂ ಹಾಗೇ ಎಂದೆ. ಮನು ತನ್ನ ಚಪ್ಪಲಿ ನೋಡಿಕೊಂಡು ನಗು ತಡೆದುಕೊಳ್ಳುತ್ತಿದ್ದ. ಜಯಮ್ಮ ನಗಲಿಲ್ಲ. "ಕೇಳ್ಸ್ಕಂಡ್ಯೇನೋ? ಭಯ ಆದ್ರೆ ಇಂಗೆ ನಿಂತ್ಕಬೇಕು ಕಣೋ. ನಿಂತಿದ್ಕೇ ಅವ್ರು ಮನೇಗ್ ಬಂದವ್ರೆ," ಎಂದರು. ಆಮೇಲೆ ಮೊದಲ ಸಲ ಹತ್ತಿರ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟರು. ಒಂದು ಎಂಬತ್ತೈದು ಒಪ್ಪಿಗೆ ಎಂದು ಸೆರಗಿನ ಒಳಗಿದ್ದ ಚೀಲಕ್ಕೆ ಕೈ ಹಾಕಿದರು.

ಆಗ ಹಿಂದಿನಿಂದ ವಿಮಲಳ ಧ್ವನಿ ಕೇಳಿಸಿತು. "ಒಂದು ಅರವತ್ತೈದು ಕೊಡಿ ಸಾಕು. ಇವತ್ತೇ ತಗೊಂಡು ಹೋಗಿ."

ತಿರುಗಿ ನೋಡಿದೆ. ಅವಳು ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗಾಡಿಯನ್ನು ಹಾವು ಕಂಡವಳಂತೆ ನೋಡುತ್ತಿದ್ದಳು. ದಿನವೂ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಲೆಕ್ಕ ತಾಳೆಯಾಗುವವರೆಗೂ ಕುರ್ಚಿಯಿಂದ ಏಳದ ಕ್ಯಾಷಿಯರ್, ಕೈಗೆ ಬಂದಿದ್ದ ಇಪ್ಪತ್ತು ಸಾವಿರವನ್ನು ತಾನೇ ಬಿಟ್ಟುಕೊಟ್ಟಳು. ಜಯಮ್ಮನಿಗೆ ಒಂದು ಕ್ಷಣ ಮತ್ತೆ ಅನುಮಾನ ಬಂದಂತೆ ಕಂಡಿತು. ವಿಮಲಳ ಮುಖ ನೋಡಿದ ಮೇಲೆ ಹೋಯಿತು. ಅವರು ದುಡ್ಡು ಎಣಿಸಿಕೊಟ್ಟರು. ಆರ್.ಸಿ., ಸಹಿ, ಬೀಗದ ಕೈ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಮನು ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಬಹಳ ನಿಧಾನವಾಗಿ, ಬೀದಿಯ ತಿರುವಿನಲ್ಲಿ ಮರೆಯಾದ.

ಮಧ್ಯಾಹ್ನ ಊಟದೊಳಗೆ ವಿಮಲ ಆ ದುಡ್ಡನ್ನು ಮೂರು ಸಲ ಎಣಿಸಿದಳು. ನಾನು ಗಾಡಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಎಣಿಕೆಗೆ ಹೆದರಿದೆ. ಹುಳಿ ಬಡಿಸುತ್ತಾ ಕೇಳಿದಳು.

"ಅರ್ಧ ಗಂಟೆ ನಿಂತಿದ್ರಲ್ಲ, ಜೇಬಲ್ಲಿ ಫೋನ್ ಇರಲಿಲ್ವಾ?"

"ಇತ್ತು. ಫೋನ್ ಮಾಡಿ ಏನಂತ ಹೇಳೋದು?"

"ಭಯ ಆಗ್ತಿದೆ ಅಂತ."

ಮೂವತ್ತು ವರ್ಷದ ಸಂಸಾರದಲ್ಲಿ ಅಂಥದ್ದೊಂದು ಮಾತನ್ನೂ ಹೇಳಬಹುದು ಎಂದು ನನಗೆ ಹೊಳೆದಿರಲಿಲ್ಲ. ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಆಟೋ ಮಾಡ್ಕೊಂಡು ಬರ್ತಿದ್ದೆ. ನಾನು ಗಾಡಿ ಹಿಡ್ಕೊಂಡಿದ್ರೆ ನೀವು ಸ್ವಲ್ಪ ಹೊತ್ತು ಕೂತ್ಕೋಬಹುದಿತ್ತು," ಎಂದಳು.

ನಾನು ಇನ್ನೊಂದು ಸಲ ಹುಳಿ ಹಾಕಿಸಿಕೊಂಡೆ. ಬೆಟ್ಟ ಎಂದರೆ ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ನಿಜ. ಎಷ್ಟು ಕೇಳಿದರೂ ಈ ಗಾಡಿಯಲ್ಲಿ ಕಳೆದುಕೊಂಡ ನಲವತ್ತೈದು ಸಾವಿರ ಆಗುತ್ತಿರಲಿಲ್ಲ.