ಎಲ್ಲವ್ವನ ಕಪ್ಪು ಕುಂಚಿಗೆ

ಯಾರನ್ನು ಕಂಡರೂ ಎಲ್ಲವ್ವ ಮೊದಲು ನೋಡುತ್ತಿದ್ದುದು ತಲೆಯನ್ನು. ಮಣಿಪಾಲದ ನಮ್ಮ ಫ್ಲ್ಯಾಟಿನ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ಅವಳದು. ಬರಿತಲೆಯ ಮಗು ಕಂಡರೆ ಸಾಕು, ಪೊರಕೆ ಬದಿಗಿಟ್ಟು ಸೆರಗು ಹೊದಿಸಿಬಿಡುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕ ಬೋಳುತಲೆಯ ನಿವೃತ್ತ ಪ್ರೊಫೆಸರರಿಗೂ ಒಮ್ಮೆ ಥಂಡಿಗಾಳಿಯ ಬಗ್ಗೆ ಬುದ್ಧಿ ಹೇಳಿದ್ದಳಂತೆ. ಪಾಪ, ಅವರು ಮರುದಿನದಿಂದ ಟೊಪ್ಪಿ ಹಾಕತೊಡಗಿದರು.

ಬಾದಾಮಿ ಕಡೆಯವಳು. ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಬಂದಾಗ ಜೊತೆಗೆ ಬಂದಿದ್ದಳು. ನನ್ನ ಮಗಳು ಹುಟ್ಟಿದಾಗ, ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲವೆಂದು ತಿಳಿದು ಕಂಗಾಲಾದವಳು ಅವಳೊಬ್ಬಳೇ. ಅವಳ ಊರಲ್ಲಿ ಸೋದರತ್ತೆಯೇ ಕುಂಚಿಗೆ ತಂದು ಮಗುವಿಗೆ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಬೇಕು. ನೆತ್ತಿಯಿಂದ ಬೆನ್ನವರೆಗೆ ಇಳಿಬೀಳುವ ಟೊಪ್ಪಿ ಅದು.

"ಅತ್ತಿ ಇಲ್ಲಂದ್ರ ಏನಾತ್ರಿ ಅಕ್ಕಾರ, ನಾ ಅದೀನಲ್ಲ," ಎಂದು ತನ್ನನ್ನು ತಾನೇ ನೇಮಿಸಿಕೊಂಡಳು.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಕುಂಚಿಗೆಗೆ ಕಸೂತಿ ಹಾಕುತ್ತಿದ್ದಳು. ದಾರಕ್ಕೆ ಗಂಟಿಲ್ಲ, ಗಂಟು ಕೂಸಿನ ನೆತ್ತಿಗೆ ಚುಚ್ಚುತ್ತದಂತೆ. ಆನೆ ಹಾಕಿದ್ದು ಮನೆಗೆ ಲಕ್ಷ್ಮಿ ಬರಲೆಂದು, ಗಿಳಿ ಹಾಕಿದ್ದು ಮಾತು ಬೇಗ ಬರಲೆಂದು. ಅಂಚಿನ ಗೋಪುರಗಳ ನಡುವೆ ಒಂದು ಮಾತ್ರ ಸಪೂರ, ಪಟ್ಟೆಪಟ್ಟೆ. ಕೇಳಿದರೆ ಕಾಪುವಿನ ಲೈಟ್‌ಹೌಸ್ ಅಂತೆ. ಕೂಸು ಈ ಕಡೆಯದು, ದೇವರಿಗೆ ಗುರುತು ಸಿಗಬೇಕಲ್ಲ ಎಂಬುದು ಅವಳ ವಾದ.

ನಾಮಕರಣದ ದಿನ ಹೊಸ ಸೀರೆಯುಟ್ಟು ಬಂದು ಕುಂಚಿಗೆ ಬಿಡಿಸಿ ಹಿಡಿದಳು. ಬಟ್ಟೆ ಕಡುಗಪ್ಪು. ಅವಳ ಊರಲ್ಲಿ ಅದು ಮಂಗಳ. ನಮ್ಮಲ್ಲಿ ಶುಭಕಾರ್ಯದ ದಿನ ಕಪ್ಪು ಹೊಸಿಲು ದಾಟುವಂತಿಲ್ಲ. ಕಸೂತಿಯ ಚಂದ ನೋಡುತ್ತ ನನಗದು ಹೊಳೆದೇ ಇರಲಿಲ್ಲ.

"ಇವತ್ತು ಮಗುವಿಗೆ ಕಪ್ಪು ಹಾಕುವುದುಂಟಾ? ಬೇಡ," ಎಂದರು ಮಗುವಿನ ಅಜ್ಜಿ, ನನ್ನ ಗಂಡನ ತಾಯಿ.

ಎಲ್ಲವ್ವನ ಮುಖ ಬಾಡಿತು. ನನಗೆ ಅಳುವೇ ಬಂತು. ಅವಳು ಮಗುವಿನ ಕೆನ್ನೆಯ ದೃಷ್ಟಿಬೊಟ್ಟನ್ನೇ ನೋಡುತ್ತ ನಿಂತಳು.

"ನೆದರ ಆಗಬಾರ್ದಂತ ನೀವೂ ಕರಿ ಚುಕ್ಕಿ ಇಟ್ಟೀರಲ್ರಿ ಅಮ್ಮಾರ. ನಾ ಅದನ್ನ ಚೂರು ದೊಡ್ಡದು ಮಾಡೀನಿ, ಅಷ್ಟ."

ಅಜ್ಜಿ ನಗು ತಡೆಯಲು ನೋಡಿದರು, ಆಗಲಿಲ್ಲ. ಹೋಮ ಮುಗಿದ ಮೇಲೆ ಕಟ್ಟು ಎಂದರು. ಎಲ್ಲವ್ವ ಕಟ್ಟಿದಳು. ಕಿವಿಯಲ್ಲಿ ಅವಳು ಹೇಳಿದ ಹೆಸರು ಕೆಳಗಿನ ವಾಚ್‌ಮನ್ನನಿಗೂ ಕೇಳಿಸಿತು.

ಕಳೆದ ವರ್ಷ ಗಂಡನ ಕೆಲಸ ಮುಗಿದು ಊರಿಗೆ ಹೊರಟಳು. ಅವಳಿಲ್ಲದ ಮೆಟ್ಟಿಲು ನನಗಿನ್ನೂ ರೂಢಿಯಾಗಿಲ್ಲ. ಅಂದು ಬಸ್ಸಿಗೆ ಹತ್ತಿಸಲು ನಾನು, ಮಗಳು, ಅಜ್ಜಿ ಮೂವರೂ ಹೋಗಿದ್ದೆವು. ಬಸ್ಸು ಅಲುಗಿದಾಗ ಮಗಳು ಕೈಬೀಸುತ್ತ, "ಎಲ್ಲವ್ವಾ, ಟಾಟಾ," ಎಂದಳು.

ಅಜ್ಜಿ ಅವಳ ಕೈ ಹಿಡಿದರು. "ಹೆಸರು ಹಿಡಿದು ಕರೆಯಬಾರದು ಮಗಾ. ಅತ್ತೆ ಅಂತ ಹೇಳು."